ಕನಸಿನೊಳಗೆ ಎಚ್ಚರಾಗುವುದು ಹೇಗೆ: ವಹಿ, ಮೂಗು ಮತ್ತು ನಸುಕಿನ ಅಭ್ಯಾಸ

ಕನಸು ನಡೆದಿರುವಾಗಲೇ, ಅದರ ಒಳಗಿದ್ದುಕೊಂಡೇ, "ಇದು ಕನಸು" ಎಂದು ತಿಳಿಯುವುದನ್ನು ಲೂಸಿಡ್ ಡ್ರೀಮ್ ಎನ್ನುತ್ತಾರೆ. ಇಲ್ಲಿ ಅದನ್ನು ಅರಿವಿನ ಕನಸು ಎಂದು ಕರೆಯೋಣ. ಹಾರುವುದು, ಬೇಕಾದ ಊರಿಗೆ ಹೋಗುವುದು, ಬೇಕಾದವರನ್ನು ಕಾಣುವುದು ಎಲ್ಲ ಆಮೇಲಿನ ಮಾತು. ತಿಳಿಯುವುದೇ ಅಸಲು ವಿದ್ಯೆ, ಅದನ್ನು ಕಲಿಯಬಹುದು. ಬಹಳ ಜನ ಎರಡು ವಾರ ಪ್ರಯತ್ನ ಮಾಡಿ "ಇದು ನಮ್ಮಿಂದ ಆಗದ ಕೆಲಸ" ಎಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟವರನ್ನು ಕೇಳಿ ನೋಡಿದರೆ ಹೆಚ್ಚಾಗಿ ಒಂದೇ ತಪ್ಪು ಕಾಣುತ್ತದೆ: ಸರಿಯಾದ ಕೆಲಸವನ್ನು ತಪ್ಪು ಹೊತ್ತಿನಲ್ಲಿ ಮಾಡಿರುತ್ತಾರೆ. ರಾತ್ರಿ ಹತ್ತಕ್ಕೆ ಎಷ್ಟೇ ಗಟ್ಟಿ ಸಂಕಲ್ಪ ಮಾಡಿ ಮಲಗಿದರೂ ಮುಂದಿನ ನಾಲ್ಕು ತಾಸಿನ ಗಾಢ ನಿದ್ದೆ ಅದನ್ನು ತೊಳೆದುಹಾಕುತ್ತದೆ. ಕನಸಿನ ಹುಲುಸು ಇರುವುದು ನಸುಕಿನಲ್ಲಿ.

ಈ ಹೊತ್ತಿನ ಲೆಕ್ಕವನ್ನು ಮೊದಲು ತಲೆಗೆ ಹಾಕಿಕೊಳ್ಳಬೇಕು. ರಾತ್ರಿಯ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಕಣ್ಣುಗುಡ್ಡೆ ರೆಪ್ಪೆಯ ಕೆಳಗೆ ಚುರುಕಾಗಿ ಓಡಾಡುವ ಒಂದು ಹಂತ ಬರುತ್ತದೆ. ಇದಕ್ಕೆ ರೆಮ್ ನಿದ್ದೆ ಎಂದು ಹೆಸರು. ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ವರದಿ ಮಾಡಿದರು. ಕಣ್ಣಿಗೆ ಕಟ್ಟುವಂಥ, ಕಥೆಯಂತೆ ಬೆಳೆಯುವ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲೇ. ಮೊದಲ ಸುತ್ತಿನಲ್ಲಿ ಅದು ಐದು-ಹತ್ತು ನಿಮಿಷ ಇದ್ದರೆ, ಬೆಳಗಿನ ಸುತ್ತುಗಳಲ್ಲಿ ಅರ್ಧ ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತದೆ. ಅಂದರೆ ರಾತ್ರಿ ಹತ್ತೂವರೆಗೆ ಮಲಗಿ ಆರೂವರೆಗೆ ಏಳುವವರಿಗೆ ನಸುಕಿನ ಮೂರೂವರೆಯಿಂದ ಆರೂವರೆ ತನಕದ ಹೊತ್ತು ಚಿನ್ನದಂಥದ್ದು. ಆರು ತಾಸಿಗೇ ಎದ್ದುಬಿಡುವವರು ತಮ್ಮ ಕನಸಿನ ದೊಡ್ಡ ಪಾಲನ್ನು ಹಾಸಿಗೆಯಲ್ಲೇ ಬಿಟ್ಟು ಏಳುತ್ತಾರೆ.

ರೆಮ್ ಹಂತದಲ್ಲಿ ಮಿದುಳು ಕೈಕಾಲಿನ ಸ್ನಾಯುಗಳನ್ನು ಕಟ್ಟಿಹಾಕಿರುತ್ತದೆ, ಕನಸಿನಲ್ಲಿ ಓಡಿದರೆ ಹಾಸಿಗೆಯಲ್ಲೂ ಓಡಬಾರದಲ್ಲ. ಕಣ್ಣುಗುಡ್ಡೆಗೆ ಈ ಕಟ್ಟಿಲ್ಲ. ಇದನ್ನೇ ಬಳಸಿಕೊಂಡು 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಒಂದು ಪ್ರಯೋಗ ಮಾಡಿದರು. ಅಲನ್ ವರ್ಸ್‌ಲಿ ಎಂಬವರು ನಿದ್ದೆಯಲ್ಲಿ ಇದ್ದುಕೊಂಡೇ, ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೆ-ಬಲಕ್ಕೆ ಹೊರಳಿಸಿ, "ನನಗೆ ಕನಸು ಅಂತ ಗೊತ್ತಾಗಿದೆ" ಎಂಬ ಸೂಚನೆ ಕೊಟ್ಟರು. ಯಂತ್ರ ಅದನ್ನು ದಾಖಲಿಸಿತು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಇದೇ ದಾರಿಯಲ್ಲಿ ಕೆಲಸ ಮಾಡಿ, ಯಾರು ಬೇಕಾದರೂ ಅಭ್ಯಾಸ ಮಾಡಬಹುದಾದ ಒಂದು ಪದ್ಧತಿ ರೂಪಿಸಿದರು. ಈ ಲೇಖನದ ಬೆನ್ನೆಲುಬು ಅದೇ ಪದ್ಧತಿ. ಪ್ರಯೋಗಾಲಯಕ್ಕಿಂತ ಎಷ್ಟೋ ಮೊದಲೇ ಟಿಬೆಟಿನ ಬೌದ್ಧರಲ್ಲಿ ಕನಸಿನ ಯೋಗ ಎಂಬ ಸಾಧನೆ ಇತ್ತು. ಬೆಳಗಾವಿಯ ನೆರೆ ಜಿಲ್ಲೆಯ ಮುಂಡಗೋಡಿನ ಟಿಬೆಟನ್ ಮಠಗಳನ್ನು ನೋಡಿ ಬಂದವರಿಗೆ ಇದು ದೂರದ ಮಾತು ಅನಿಸಲಾರದು.

ಮೊದಲು ನಿದ್ದೆ ಸರಿ ಇರಲಿ

ನಿದ್ದೆಯೇ ಕೆಟ್ಟವರು ಇದಕ್ಕೆ ಕೈ ಹಾಕಬಾರದು. ಕನಿಷ್ಠ ಏಳೂವರೆ ತಾಸು ಮಲಗಲು ಸಾಧ್ಯವಿರುವ ರಾತ್ರಿ ಮಾತ್ರ ನಸುಕಿನ ಅಭ್ಯಾಸ, ಅಂದರೆ ನಸುಕಿನಲ್ಲಿ ಎದ್ದು ಮತ್ತೆ ಮಲಗುವುದನ್ನು, ಮಾಡಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು ಪಾಳಿ ಬದಲಾದ ವಾರದಲ್ಲಿ ಕಂಡ ಕನಸನ್ನು ವಹಿಯಲ್ಲಿ ಬರೆಯುವುದನ್ನಷ್ಟೇ ಮಾಡಲಿ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಟ್ರ್ಯಾಕ್ಟರ್, ಲಾರಿ ಓಡಿಸುವವರು ನಿದ್ದೆ ಮುರಿಯುವ ಯಾವ ಅಭ್ಯಾಸವನ್ನೂ ಮಾಡಬಾರದು. ಮಾಡಿದರೆ ಮರುದಿನ ಸ್ಟಿಯರಿಂಗ್ ಹಿಡಿದಾಗ ಅದರ ಬೆಲೆ ಕಟ್ಟಬೇಕಾಗುತ್ತದೆ. ಇಲ್ಲದ್ದು ಕಾಣುವುದು, ಕೇಳುವುದು ಇದ್ದವರು, ಬೈಪೋಲಾರ್ ಅಥವಾ ಮೂರ್ಛೆ ರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ನಿದ್ದೆಗೆಟ್ಟರೆ ಈ ಎಲ್ಲ ತೊಂದರೆಗಳೂ ಕೆರಳುತ್ತವೆ. ಕನಸು ಯಾವುದು, ನಡೆದದ್ದು ಯಾವುದು ಎಂದು ಈಗಾಗಲೇ ಗೊಂದಲ ಆಗುತ್ತಿರುವವರಿಗೂ ಇದು ಬೇಡ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕು ಸೆಕೆ. ರೆಮ್ ನಿದ್ದೆಯಲ್ಲಿ ದೇಹ ತನ್ನ ಉಷ್ಣತೆಯನ್ನು ಕಾಯ್ದುಕೊಳ್ಳುವ ಕೆಲಸವನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಹೀಗಾಗಿ ಕೋಣೆ ಕಾದಿದ್ದರೆ ಮೊದಲು ಕಡಿಮೆಯಾಗುವುದೇ ಕನಸು. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ತಿಂಗಳಲ್ಲಿ ಸಿಮೆಂಟಿನ ಚಾವಣಿ ಕೆಳಗೆ ಮಲಗಿ "ಕನಸೇ ಬೀಳುವುದಿಲ್ಲ" ಎಂದು ಕೊರಗುವ ಬದಲು, ಅನುಕೂಲ ಇದ್ದವರು ಹಿರಿಯರ ಹಾಗೆ ಮಾಳಿಗೆ ಮೇಲೆ ಹಾಸಿಕೊಳ್ಳಲಿ, ಸೊಳ್ಳೆಪರದೆ ಕಟ್ಟಿಕೊಂಡು. ಹೊಸದಾಗಿ ಕಲಿಯುವವರಿಗೆ ನವೆಂಬರಿನಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ.

ಮಧ್ಯಾಹ್ನ ಎರಡರ ನಂತರ ಚಹಾ-ಕಾಫಿ ಬೇಡ. ಕುಡಿದ ಐದು ತಾಸಿನ ಮೇಲೂ ಕೆಫೀನಿನ ಸುಮಾರು ಅರ್ಧ ಪಾಲು ಮೈಯಲ್ಲೇ ಉಳಿದಿರುತ್ತದೆ. ಸೆರೆ ಕುಡಿದು ಮಲಗಿದ ರಾತ್ರಿ ಮೊದಲರ್ಧದ ರೆಮ್ ಕುಗ್ಗುತ್ತದೆ, ನಸುಕಿನ ನಿದ್ದೆ ಚೂರುಚೂರಾಗುತ್ತದೆ. ಅಂಥ ರಾತ್ರಿ ಅಭ್ಯಾಸ ವ್ಯರ್ಥ.

ದಿಂಬಿನ ಪಕ್ಕದ ವಹಿ

ಕನಸು ನೆನಪಿರದವರಿಗೆ ಅರಿವಿನ ಕನಸು ಬಿದ್ದರೂ ಬಿದ್ದದ್ದು ಗೊತ್ತಾಗುವುದಿಲ್ಲ. ಮೊದಲ ಎರಡು ವಾರ ಬೇರೇನೂ ಬೇಡ, ನೆನಪಿನ ಕೆಲಸ ಮಾತ್ರ. ನೂರು ಪುಟದ ಒಂದು ವಹಿ, ದಾರ ಕಟ್ಟಿದ ಪೆನ್ನು, ಮಂದ ಬೆಳಕಿನ ಸಣ್ಣ ಬ್ಯಾಟರಿ ಇಷ್ಟು ದಿಂಬಿನ ಕೈಯಳತೆಯಲ್ಲಿ ಇರಲಿ. ಪೆನ್ನಿಗೆ ದಾರ ಯಾಕೆಂದರೆ, ಕತ್ತಲಲ್ಲಿ ಪೆನ್ನು ಹುಡುಕುವ ಅರ್ಧ ನಿಮಿಷದಲ್ಲೇ ಕನಸು ಕರಗಿಹೋಗುತ್ತದೆ.

ಎಚ್ಚರಾದ ಕೂಡಲೇ ಅಲುಗಾಡಬೇಡಿ. ಮಗ್ಗುಲು ಬದಲಿಸಬೇಡಿ, ಕಣ್ಣು ತೆರೆಯಬೇಡಿ. ಇದು ಇಡೀ ಪದ್ಧತಿಯ ಅತಿ ಚಿಕ್ಕ ಸೂಚನೆ, ಆದರೆ ಇದರಷ್ಟು ಫಲ ಕೊಡುವ ಸೂಚನೆ ಬೇರೆ ಇಲ್ಲ. ಮಲಗಿದ ಭಂಗಿಯಲ್ಲೇ ಇದ್ದು "ಈಗ ಎಲ್ಲಿದ್ದೆ? ಯಾರಿದ್ದರು? ಅದಕ್ಕೂ ಮೊದಲು ಏನಾಗಿತ್ತು?" ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ. ಬಾಲ ಸಿಕ್ಕರೆ ಹಸು ಸಿಕ್ಕಂತೆ. ಏನೂ ಬರದಿದ್ದರೆ ಮನಸ್ಸಿನ ಭಾವ ಏನಿದೆ ನೋಡಿ: ಗಾಬರಿಯೇ, ನಾಚಿಕೆಯೇ, ಅವಸರವೇ? ಭಾವ ಹಿಡಿದರೆ ಹಲವು ಸಲ ಚಿತ್ರ ಹಿಂದೆಯೇ ಬರುತ್ತದೆ. ಆಮೇಲೆ ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ಹೊರಳಿ. ರಾತ್ರಿ ಆ ಮಗ್ಗುಲಲ್ಲಿ ಕಂಡ ಕನಸು ಕೆಲವೊಮ್ಮೆ ಆಗ ನೆನಪಾಗುತ್ತದೆ. ಮೊದಲು ನಾಲ್ಕೈದು ಪದ ಗೀಚಿ, ಆಮೇಲೆ ಪೂರ್ತಿ ಬರೆಯಿರಿ. ಹೀಗೆ:

ಸೋಮವಾರ, ನಸುಕು 5:10. ರೊಟ್ಟಿ ಬಡಿಯುವ ಸಪ್ಪಳ. ಹಳೆ ಮನೆ. ಆಯಿ ಒಲೆ ಮುಂದೆ ಕೂತಾಳೆ, "ಬಸ್ಸಿನ ಹೊತ್ತಾತು, ಲಗೂ ಹೋಗು" ಅಂತಾಳೆ. ಸ್ಟ್ಯಾಂಡಿಗೆ ಹೋದರೆ ಅದು ಸ್ಟ್ಯಾಂಡ್ ಅಲ್ಲ, ಹೈಸ್ಕೂಲು. ಪರೀಕ್ಷೆ ನಡೆದಿದೆ. ಕಾಲಲ್ಲಿ ಚಪ್ಪಲಿ ಇಲ್ಲ. ಅವಸರ, ನಾಚಿಕೆ.

ಈ ಎಂಟು ಸಾಲಿನಲ್ಲಿ ನಾಲ್ಕು ಕೆಂಪು ಗುರುತು ಬೀಳಬೇಕು. ಆಯಿ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಹಳೆ ಮನೆ ಈಗ ಇಲ್ಲ. ಬಸ್ ಸ್ಟ್ಯಾಂಡು ಶಾಲೆಯಾಗಲು ಬರುವುದಿಲ್ಲ. ಬರೆದವರು ಪರೀಕ್ಷೆ ಮುಗಿಸಿ ಎಷ್ಟೋ ವರ್ಷಗಳಾಗಿವೆ. ಇವನ್ನು ಕನಸಿನ ಗುರುತುಗಳು ಎನ್ನೋಣ. ಹದಿನೈದು-ಇಪ್ಪತ್ತು ಕನಸು ಕೂಡಿದ ಮೇಲೆ ವಹಿಯನ್ನು ಹಿಂದಿನಿಂದ ತಿರುವಿ ನೋಡಿದರೆ, ಅದೇ ಮೂರು-ನಾಲ್ಕು ಗುರುತು ಮತ್ತೆ ಮತ್ತೆ ಬಂದಿರುತ್ತವೆ. ಒಬ್ಬರಿಗೆ ತಪ್ಪಿಹೋಗುವ ಬಸ್ಸು, ಒಬ್ಬರಿಗೆ ಉದುರುವ ಹಲ್ಲು, ಒಬ್ಬರಿಗೆ ಹೊಳೆಯ ನೀರು. ನೆರೆ ಕಂಡ ಕೃಷ್ಣಾ-ಮಲಪ್ರಭಾ ದಂಡೆಯ ಊರುಗಳವರಿಗೆ, ಮುಳುಗಡೆಯಾದ ಹಳೆ ಬಾಗಲಕೋಟೆಯ ಓಣಿಗಳಲ್ಲಿ ಬೆಳೆದವರಿಗೆ, ಈಗಿಲ್ಲದ ಮನೆ ಕನಸಿಗೆ ಬರುವುದು ಸಹಜ. ಅದೇ ನಿಮ್ಮ ಬಾಗಿಲು.

ಮೊಬೈಲಿನಲ್ಲಿ ಬರೆಯುವ ಆಸೆ ಬೇಡ. ಪರದೆಯ ಬೆಳಕು ಒಂದು ತೊಂದರೆ, ರಾತ್ರಿ ಬಂದ ಮೆಸೇಜು ಕಣ್ಣಿಗೆ ಬೀಳುವುದು ಅದಕ್ಕಿಂತ ದೊಡ್ಡ ತೊಂದರೆ. ಏನೂ ನೆನಪಾಗದ ದಿನ "ಏನೂ ನೆನಪಿಲ್ಲ" ಎಂದಾದರೂ ದಿನಾಂಕ ಹಾಕಿ ಬರೆಯಿರಿ. ದಿನಕ್ಕೊಂದು ಕನಸು ಒಂದು ವಾರ ಸತತ ಸಿಕ್ಕರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಹಗಲು ಕೇಳುವ ಪ್ರಶ್ನೆ

ಹಗಲಿನಲ್ಲಿ ಮಾಡಿ ಮಾಡಿ ರೂಢಿಯಾದದ್ದು ಕನಸಿನಲ್ಲೂ ತಾನಾಗಿ ನಡೆಯುತ್ತದೆ. ಅಂಗಡಿಯವರು ಕನಸಿನಲ್ಲೂ ಲೆಕ್ಕ ಮಾಡುತ್ತಾರೆ. ಆದ್ದರಿಂದ "ಇದು ಕನಸೇ?" ಎಂಬ ಪ್ರಶ್ನೆಯನ್ನು ಹಗಲಿನ ರೂಢಿಯಾಗಿಸಬೇಕು, ದಿನಕ್ಕೆ ಎಂಟು-ಹತ್ತು ಸಲ. ಒಂದು ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಆದರೆ ಆ ಅರ್ಧ ನಿಮಿಷ ಪೂರ್ತಿ ಅದಕ್ಕೇ ಕೊಡಬೇಕು.

ನಿಂತುಕೊಳ್ಳಿ. "ಇದು ಕನಸೇ?" ಎಂದು ಉತ್ತರ ಗೊತ್ತಿಲ್ಲದವರ ಹಾಗೆ ಕೇಳಿಕೊಳ್ಳಿ. ಇಲ್ಲಿಗೆ ಹೇಗೆ ಬಂದೆ ಎಂದು ಕಳೆದ ಹದಿನೈದು ನಿಮಿಷವನ್ನು ನೆನಪು ಮಾಡಿಕೊಳ್ಳಿ. ಕನಸಿನಲ್ಲಿ ಈ ನೆನಪಿಗೆ ಬುಡ ಇರುವುದಿಲ್ಲ, ನೀವು ಸುಮ್ಮನೆ ಅಲ್ಲಿರುತ್ತೀರಿ. ಸುತ್ತ ಏನಾದರೂ ಹೊಂದದೆ ಇರುವುದು ಇದೆಯೇ ನೋಡಿ. ಕೊನೆಗೆ ಬಾಯಿ ಮುಚ್ಚಿ, ಎರಡು ಬೆರಳಿನಿಂದ ಮೂಗು ಗಟ್ಟಿಯಾಗಿ ಹಿಡಿದು, ಉಸಿರು ಎಳೆಯಲು ನೋಡಿ. ಎಚ್ಚರದಲ್ಲಿ ಉಸಿರು ಬರುವುದಿಲ್ಲ. ಕನಸಿನಲ್ಲಿ ಮೂಗು ಹಿಡಿದಿದ್ದರೂ ಗಾಳಿ ಸಲೀಸಾಗಿ ಒಳಗೆ ಬರುತ್ತದೆ, ಯಾಕೆಂದರೆ ಕನಸಿನ ಬೆರಳು ಕನಸಿನ ಮೂಗನ್ನು ಹಿಡಿದಿದೆ, ಹಾಸಿಗೆಯ ಮೇಲಿನ ಮೂಗು ಉಸಿರಾಡುತ್ತಲೇ ಇದೆ.

ಎರಡನೆಯ ಪರೀಕ್ಷೆ ಓದುವುದು. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಬಸ್ಸಿನ ಬೋರ್ಡು ಓದಿ, ಮುಖ ತಿರುಗಿಸಿ, ಮತ್ತೆ ಓದಿ. ಕನಸಿನ ಬರಹ ಎರಡನೆಯ ನೋಟಕ್ಕೆ ನಿಲ್ಲುವುದು ಕಡಿಮೆ. "ಬಾದಾಮಿ" ಇದ್ದದ್ದು "ಜಮಖಂಡಿ" ಆಗಿರುತ್ತದೆ ಅಥವಾ ಯಾವ ಲಿಪಿಯೂ ಅಲ್ಲದ ಗೀಟುಗಳಾಗಿರುತ್ತದೆ. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದ ಅಂಗಡಿ ಬೋರ್ಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಹೊರಗಿನ ದೇಶಗಳಲ್ಲಿ ಬರೆದ ಮಾರ್ಗದರ್ಶಿಗಳು ಲೈಟಿನ ಸ್ವಿಚ್ ಒತ್ತಿ ನೋಡಿ, ಡಿಜಿಟಲ್ ಗಡಿಯಾರ ನೋಡಿ ಎನ್ನುತ್ತವೆ. ನಮ್ಮಲ್ಲಿ ಇವೆರಡನ್ನೂ ನಂಬಬೇಡಿ. ಸ್ವಿಚ್ ಒತ್ತಿದರೆ ಲೈಟು ಹತ್ತದಿರುವುದು, ಕರೆಂಟು ಹೋಗಿ ಬಂದು ಗಡಿಯಾರ 12:00 ಎಂದು ಮಿಣುಕುವುದು ಹಳ್ಳಿಯ ಎಚ್ಚರದ ಬದುಕಿನಲ್ಲೇ ಇದೆ. ಹೀಗಾಗಿ ಕನಸಿನಲ್ಲಿ ಲೈಟು ಹತ್ತದಿದ್ದಾಗ ಮನಸ್ಸು "ಕರೆಂಟ್ ಹೋಗಿರಬೇಕು" ಎಂದು ಸಮಾಧಾನ ಮಾಡಿಕೊಂಡು ಮುಂದೆ ಹೋಗುತ್ತದೆ. ಮೂಗಿಗೆ ಕರೆಂಟು ಬೇಕಿಲ್ಲ.

ಇಲ್ಲಿ ಕೆಡುವುದು ಎಲ್ಲಿ ಎಂದರೆ, ಪರೀಕ್ಷೆ ಬರಬರುತ್ತ ಗುಡಿ ಮುಂದೆ ಹಾಯುವಾಗ ಕೈ ತಾನಾಗಿ ಎದೆ ಮುಟ್ಟುವಂತೆ ಆಗಿಬಿಡುತ್ತದೆ. ಕೈ ಮೂಗಿಗೆ ಹೋಗುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಹಾಗೆ ಕಲಿತವರು ಕನಸಿನಲ್ಲೂ ಮೂಗು ಹಿಡಿದು, ಉಸಿರು ಬಂದರೂ "ಸರಿ, ಎಚ್ಚರ ಇದೆ" ಎಂದುಕೊಳ್ಳುತ್ತಾರೆ. ಹತ್ತು ಸಲ ಯಂತ್ರದ ಹಾಗೆ ಮಾಡುವುದಕ್ಕಿಂತ ಮೂರು ಸಲ ಮನಸ್ಸಿಟ್ಟು ಮಾಡುವುದು ಮೇಲು. ಪರೀಕ್ಷೆಯನ್ನು ನಿಮ್ಮ ಕನಸಿನ ಗುರುತಿಗೇ ಕಟ್ಟಿ: ಬಸ್ಸು ತಪ್ಪುವ ಕನಸಿನವರು ಬಸ್ಸು ಕಂಡಾಗ, ನೀರಿನ ಕನಸಿನವರು ಸೇತುವೆ ದಾಟುವಾಗ. ಅತಿ ಸಾಮಾನ್ಯವಾದ ಸಂಗತಿಗೆ ಕಟ್ಟಬೇಡಿ. ಹಂಗಾಮಿನಲ್ಲಿ ಮುಧೋಳದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಂಡಾಗಲೆಲ್ಲ ಮೂಗು ಹಿಡಿಯುತ್ತೇನೆ ಎಂದರೆ ಒಂದೇ ದಿನದಲ್ಲಿ ಅದು ರೂಢಿಯ ಚಟವಾಗುತ್ತದೆ.

ನಸುಕಿನ ಕೆಲಸ

ಇನ್ನು ಮುಖ್ಯ ಭಾಗ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ರಾತ್ರಿ, ಮರುದಿನ ತಡವಾಗಿ ಎದ್ದರೂ ನಡೆಯುವಂಥ ರಾತ್ರಿ ಆರಿಸಿಕೊಳ್ಳಿ. ಮನೆಯವರಿಗೆ ಮೊದಲೇ ಹೇಳಿಡಿ. "ಅವ್ವಾ, ನಾಳೆ ನಸುಕಿನ್ಯಾಗ ಅಲಾರಾಂ ಹೊಡೀತೈತಿ, ಗಾಬರಿ ಆಗಬ್ಯಾಡ" ಎಂದರೆ, "ಯಾಕೋ ತಮ್ಮಾ, ಊರಿಗೆ ಹೊಂಟಿ ಏನ?" ಎಂಬ ಪ್ರಶ್ನೆ ರಾತ್ರಿಯೇ ಮುಗಿಯುತ್ತದೆ. ನಾಲ್ಕು ಗಂಟೆಗೆ ಮಾತಿಗೆ ಕೂತರೆ ಕನಸು ಕೈಬಿಟ್ಟಂತೆ.

ಮಲಗಿದ ಐದು ತಾಸಿಗೆ ಅಲಾರಾಂ ಇಡಿ. ಹತ್ತೂವರೆಗೆ ನಿದ್ದೆ ಹತ್ತಿದರೆ ಮೂರೂವರೆಗೆ. ಸದ್ದು ಮೆಲ್ಲಗಿರಲಿ, ಫೋನು ಹಾಸಿಗೆಯಿಂದ ಎರಡು ಹೆಜ್ಜೆ ದೂರ ಇರಲಿ. ಎಚ್ಚರಾದಾಗ ಮೊದಲು ಅಲುಗದೆ ಕನಸು ಹಿಡಿಯಿರಿ, ಆಮೇಲೆ ಅಲಾರಾಂ ಆರಿಸಿ. ಎದ್ದು ಬಚ್ಚಲಿಗೆ ಹೋಗಿ ಬನ್ನಿ, ಎರಡು ಗುಟುಕು ನೀರು ಕುಡಿಯಿರಿ, ದೊಡ್ಡ ಲೈಟು ಹಚ್ಚಬೇಡಿ. ಬ್ಯಾಟರಿ ಬೆಳಕಿನಲ್ಲಿ ಕನಸನ್ನು ವಹಿಗೆ ಬರೆದು, ಹಿಂದಿನ ನಾಲ್ಕೈದು ಕನಸು ಓದಿ. ಒಟ್ಟು ಇಪ್ಪತ್ತರಿಂದ ಮೂವತ್ತು ನಿಮಿಷ ಎಚ್ಚರ ಇದ್ದರೆ ಸಾಕು.

ಆಮೇಲೆ ಮಲಗಿ ಲಬರ್ಜ್ ಪದ್ಧತಿ ಶುರು ಮಾಡಿ. ಇದು ಮಂತ್ರವಲ್ಲ, ನೆನಪಿನ ಕೆಲಸ. ಖಡೇಬಜಾರಿನಿಂದ ಬರುವಾಗ ಕುಂದಾ ತರಬೇಕು ಎಂದು ಬೆಳಗ್ಗೆ ಅಂದುಕೊಂಡು, ಸಂಜೆ ಅಂಗಡಿ ಕಂಡ ಕೂಡಲೇ ನೆನಪಾಗುತ್ತದಲ್ಲ, ಅದೇ ಶಕ್ತಿಯನ್ನು ಇಲ್ಲಿ ದುಡಿಸುವುದು. ಅಂಗಡಿಯ ಜಾಗದಲ್ಲಿ ಕನಸಿನ ಗುರುತು ಇರುತ್ತದೆ, ಕುಂದಾದ ಜಾಗದಲ್ಲಿ "ಇದು ಕನಸು" ಎಂಬ ಅರಿವು.

ಮೇಲಿನ ರೊಟ್ಟಿಯ ಕನಸನ್ನೇ ಹಿಡಿದು ಮಾಡಿ ನೋಡೋಣ. ಕಣ್ಣು ಮುಚ್ಚಿ ಮತ್ತೆ ಆ ಅಡುಗೆಮನೆಗೆ ಹೋಗಿ. ಸಪ್ಪಳ ಕೇಳಿಸಲಿ, ಹಂಚಿನ ಮೇಲೆ ರೊಟ್ಟಿ ಉಬ್ಬುವುದು ಕಾಣಲಿ, ಒಲೆಯ ಝಳ ಮುಖಕ್ಕೆ ತಾಗಲಿ. ಆಯಿ ತಿರುಗಿ "ಬಸ್ಸಿನ ಹೊತ್ತಾತು" ಎನ್ನುತ್ತಾಳೆ. ಇಲ್ಲಿ ಕಥೆ ಬದಲಿಸಿ. ಹೊರಗೆ ಓಡುವ ಬದಲು ನಿಂತು ಅವಳ ಮುಖ ನೋಡಿ: ಆಯಿ ಈಗಿಲ್ಲ, ಇದು ಕನಸು. ಮೂಗು ಹಿಡಿಯಿರಿ, ಉಸಿರು ಬರುತ್ತದೆ. ಆಗ ಆಗುವ ಬೆರಗನ್ನೂ ಕಲ್ಪಿಸಿಕೊಳ್ಳಿ. ಆಮೇಲೆ ಮಾಡಬೇಕಾದ ಒಂದು ಚಿಕ್ಕ ಕೆಲಸವನ್ನು ಮಾಡಿ: ಅವಳ ಪಕ್ಕ ಕೂತು ಹಿಟ್ಟು ಮುಟ್ಟುವುದು ಅಷ್ಟೇ ಇರಲಿ. ಈಗ ಮನಸ್ಸಿನಲ್ಲಿ ಹೇಳಿಕೊಳ್ಳಿ: "ಮುಂದಿನ ಸಲ ಕನಸು ಬಿದ್ದಾಗ, ಇದು ಕನಸು ಅಂತ ನೆನಪು ಮಾಡ್ಕೋತೀನಿ." ಚಿತ್ರ ಒಮ್ಮೆ, ಮಾತು ಒಮ್ಮೆ, ಹೀಗೆ ನಿದ್ದೆ ಹತ್ತುವ ತನಕ. ಮಾತು ನಿಮ್ಮ ಮನೆಮಾತಿನಲ್ಲಿ, ನಿಮ್ಮ ಓಣಿಯ ಧಾಟಿಯಲ್ಲಿ ಇರಲಿ. ಮನೆಯಲ್ಲಿ ಮರಾಠಿಯೋ ಉರ್ದುವೋ ಆಡುವವರು ಅದರಲ್ಲೇ ಹೇಳಿಕೊಳ್ಳಲಿ. ಪುಸ್ತಕದ ಭಾಷೆಯ ಸಂಕಲ್ಪ ನಿದ್ದೆಯ ಅಂಚಿನಲ್ಲಿ ತೊದಲುತ್ತದೆ.

ನಡುವೆ ಮನಸ್ಸು ಬೇರೆ ಕಡೆ ಹೋದರೆ ಬೇಸರ ಬೇಡ, ಮತ್ತೆ ಕರೆತನ್ನಿ. ನಿದ್ದೆಗೆ ಜಾರುವ ಕೊನೆಯ ಯೋಚನೆ ಇದೇ ಆಗಿರಬೇಕು ಎಂಬುದಷ್ಟೇ ಗುರಿ. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಡೆನ್ಹಮ್ ಆಸ್ಪಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗಲಿನ ಪರೀಕ್ಷೆ, ನಸುಕಿನ ಎಚ್ಚರ, ಈ ಸಂಕಲ್ಪ ಮೂರನ್ನೂ ಒಟ್ಟಿಗೆ ಮಾಡಿದವರಿಗೆ ಒಂದು ವಾರದ ಪ್ರಯತ್ನಗಳಲ್ಲಿ ಶೇಕಡಾ 17ರಷ್ಟು ಫಲಿಸಿದ್ದವು. ಸಂಕಲ್ಪ ಮುಗಿಸಿದ ಐದು ನಿಮಿಷದೊಳಗೆ ನಿದ್ದೆ ಹೋದಾಗ ಈ ಪ್ರಮಾಣ ಸುಮಾರು 46ಕ್ಕೆ ಏರಿತ್ತು. ಇದರಿಂದ ಕಲಿಯುವುದು ದೊಡ್ಡದು: ಎಚ್ಚರದ ಅವಧಿಯನ್ನು ನಿಮ್ಮ ಮೈಗೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಮಲಗಿದ ಕೂಡಲೇ ಮಾತು ಎರಡನೆಯ ಸಲ ಹೇಳುವಷ್ಟರಲ್ಲಿ ನಿದ್ದೆ ಬಡಿದರೆ, ಎಚ್ಚರ ಇರುವ ಹೊತ್ತನ್ನು ಹತ್ತು ನಿಮಿಷ ಹೆಚ್ಚಿಸಿ, ಎದ್ದು ಕೂತು ಓದಿ. ಮುಕ್ಕಾಲು ತಾಸು ಹೊರಳಾಡಿದರೂ ನಿದ್ದೆ ಬಾರದಿದ್ದರೆ, ಮುಂದಿನ ಸಲ ಐದೇ ನಿಮಿಷ ಎಚ್ಚರ ಇರಿ, ಎದ್ದು ನಡೆದಾಡಬೇಡಿ. ಅಂದಿನ ರಾತ್ರಿಯ ಮಟ್ಟಿಗೆ ಎಲ್ಲ ಬಿಟ್ಟು ಸುಮ್ಮನೆ ಮಲಗಿ. ಹಟ ಮಾಡಿದಷ್ಟೂ ನಿದ್ದೆ ದೂರ ಹೋಗುತ್ತದೆ.

ಹೊಲಕ್ಕೆ ನೀರು ಬಿಡುವವರಿಗೆ ಈ ಏರ್ಪಾಟು ಹೊಸದಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಬರುವ ವಾರದಲ್ಲಿ ಎದ್ದು ಹೋಗಿ ಪಂಪ್‌ಸೆಟ್ ಚಾಲು ಮಾಡಿ ಬಂದು ಮತ್ತೆ ಮಲಗುವವರು, ಗೊತ್ತಿಲ್ಲದೆ ನಸುಕಿನ ಎಚ್ಚರವನ್ನೇ ಮಾಡುತ್ತಿದ್ದಾರೆ. ಅಂಥವರು ಬೇರೆ ಅಲಾರಾಂ ಇಟ್ಟು ಇನ್ನೊಮ್ಮೆ ನಿದ್ದೆ ಮುರಿಯಬಾರದು. ಬಂದು ಮಲಗಿದಾಗ ಸಂಕಲ್ಪ ಮಾಡಿದರೆ ಆಯಿತು. ಹಾಗೆಯೇ ಮಸೀದಿಯ ನಸುಕಿನ ಆಜಾನ್, ಗುಡಿಯ ಸುಪ್ರಭಾತ ಕೇಳಿ ದಿನವೂ ಅರೆ ಎಚ್ಚರಾಗುವವರು ಅದನ್ನೇ ಅಲಾರಾಂ ಮಾಡಿಕೊಳ್ಳಬಹುದು. ಇದಕ್ಕೆ ಇನ್ನೊಂದು ಉಪಯೋಗವಿದೆ: ಹೊರಗಿನ ಸದ್ದು ಕನಸಿನೊಳಗೂ ನುಸುಳುತ್ತದೆ. "ಆ ಸದ್ದು ಕೇಳಿದಾಗ ಇದು ಕನಸೇ ಎಂದು ನೋಡ್ತೀನಿ" ಎಂದು ಹಗಲಲ್ಲೇ ಕಟ್ಟಿಟ್ಟುಕೊಂಡರೆ ಕನಸಿನಲ್ಲಿ ಅದೇ ಕರೆಗಂಟೆಯಾಗುತ್ತದೆ.

ಚಿತ್ರ ಕಲ್ಪಿಸಿಕೊಳ್ಳುವುದು ಕಷ್ಟ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಮಲಗಿ, ಮುಚ್ಚಿದ ರೆಪ್ಪೆಯೊಳಗಿನ ಕತ್ತಲನ್ನು ಸುಮ್ಮನೆ ನೋಡಿ, ನಂತರ ಕಿವಿಗೆ ಬೀಳುವುದನ್ನು ಕೇಳಿ, ನಂತರ ಮೈಗೆ ಹೊದಿಕೆ ತಾಗುವುದನ್ನು ಗಮನಿಸಿ. ಈ ಮೂರರ ಸುತ್ತನ್ನು ಮೊದಲು ನಾಲ್ಕು ಸಲ ಬೇಗ ಬೇಗ, ಆಮೇಲೆ ನಾಲ್ಕು ಸಲ ಒಂದೊಂದಕ್ಕೂ ಇಪ್ಪತ್ತು ಸೆಕೆಂಡು ಕೊಟ್ಟು ನಿಧಾನವಾಗಿ ಮಾಡಿ, ಬೇಕಾದ ಮಗ್ಗುಲಿಗೆ ಹೊರಳಿ ನಿದ್ದೆ ಹೋಗಿ. ಏನನ್ನೂ ಕಾಣಲು ಹಟ ಮಾಡಬಾರದು. ಎಚ್ಚರ ತಪ್ಪದೆ ನೇರವಾಗಿ ಕನಸಿಗೆ ಇಳಿಯುವ ವಿಧಾನವೂ ಇದೆ. ಅದು ಕಷ್ಟದ್ದು, ನಿದ್ದೆಗೆಡಿಸುವಂಥದ್ದು. ಮೊದಲ ಮೂರು ತಿಂಗಳು ಅದರ ಗೊಡವೆ ಬೇಡ.

ಗೊತ್ತಾಯಿತು, ಮುಂದೆ?

ಮೊದಲ ಸಲ ತಿಳಿದಾಗ ಖುಷಿಗೆ ಎದೆ ಹಾರುತ್ತದೆ, ಅದೇ ಹಾರಾಟಕ್ಕೆ ಎಚ್ಚರಾಗಿಬಿಡುತ್ತದೆ. ಬಹಳ ಜನರಿಗೆ ಹೀಗೆಯೇ ಆಗುತ್ತದೆ. ಮೊದಲ ಹತ್ತು ಸೆಕೆಂಡು ಏನೂ ಸಾಧಿಸಲು ಹೋಗದೆ, ಕನಸಿನ ಎರಡು ಅಂಗೈಗಳನ್ನು ಒಂದಕ್ಕೊಂದು ಉಜ್ಜಿ. ಬಿಸಿ, ತಿಕ್ಕಾಟ, ಬೆರಳಿನ ಗಂಟು ಎಲ್ಲ ತಿಳಿಯಬೇಕು. ನಂತರ ಹತ್ತಿರದ ವಸ್ತು ಮುಟ್ಟಿ: ಗೋಡೆಯ ಸುಣ್ಣ, ಹಿಟ್ಟು, ಇಳಕಲ್ ಸೀರೆಯ ಸೆರಗು. ಸ್ಪರ್ಶ ಇದ್ದಷ್ಟು ಹೊತ್ತು ಕನಸು ನಿಲ್ಲುತ್ತದೆ, ಯಾಕೆಂದರೆ ಕನಸಿನ ಮೈಯಲ್ಲಿ ತೊಡಗಿದ ಗಮನಕ್ಕೆ ಹಾಸಿಗೆಯ ಮೈ ನೆನಪಾಗುವುದಿಲ್ಲ. ಒಂದೇ ಕಡೆ ದಿಟ್ಟಿಸಿ ನೋಡಬೇಡಿ, ನೋಟ ಓಡಾಡುತ್ತಿರಲಿ. ದೃಶ್ಯ ಮಸುಕಾಗತೊಡಗಿದರೆ ನಿಂತಲ್ಲೇ ಸುತ್ತಿ ಅಥವಾ ಮತ್ತೆ ಕೈ ಉಜ್ಜಿ. ಆದರೂ ಕಪ್ಪಾಗಿಹೋದರೆ ಅಲುಗದೆ ಮಲಗಿರಿ, ಅರ್ಧ ನಿಮಿಷದಲ್ಲಿ ಎಷ್ಟೋ ಸಲ ಮತ್ತೆ ಕನಸು ಕಟ್ಟಿಕೊಳ್ಳುತ್ತದೆ.

ಎಚ್ಚರಾದೆ ಎನಿಸಿದಾಗಲೂ ಮೂಗು ಹಿಡಿಯಿರಿ. ಎದ್ದು ವಹಿಯಲ್ಲಿ ಬರೆದು, ಮುಖ ತೊಳೆದು, ಚಹಾ ಕುಡಿದದ್ದೆಲ್ಲ ಕನಸೇ ಆಗಿರುವುದು ಈ ಅಭ್ಯಾಸದಲ್ಲಿ ತೀರ ಸಾಮಾನ್ಯ. ಪ್ರತಿ ಎಚ್ಚರದಲ್ಲೂ ಪರೀಕ್ಷೆ ಮಾಡುವವರಿಗೆ ಈ ಹುಸಿ ಎಚ್ಚರವೇ ಸುಲಭದ ಬಾಗಿಲು.

ಕನಸನ್ನು ಬದಲಿಸುವುದು ಬಲದಿಂದ ಆಗುವುದಿಲ್ಲ, ನಿರೀಕ್ಷೆಯಿಂದ ಆಗುತ್ತದೆ. ಗೋಳಗುಮ್ಮಟಕ್ಕೆ ಹೋಗಬೇಕು ಎಂದು ಕಣ್ಣು ಬಿಗಿದು ನಿಂತರೆ ಏನೂ ಆಗದು. ಒಂದು ಬಾಗಿಲ ಮುಂದೆ ನಿಂತು, ಇದರಾಚೆ ಪಿಸುಮಾತಿನ ಗ್ಯಾಲರಿ ಇದೆ ಎಂದು ಖಾತ್ರಿ ಮಾಡಿಕೊಂಡು ಬಾಗಿಲು ತೆರೆಯಿರಿ. ಒಮ್ಮೆ ಎಚ್ಚರದಲ್ಲಿ ಅಲ್ಲಿಗೆ ಹೋಗಿ ಚಪ್ಪಾಳೆ ತಟ್ಟಿ, ಮಾರ್ದನಿ ಎಣಿಸಿ, ಕಲ್ಲಿನ ತಂಪು ಮುಟ್ಟಿ ಬಂದಿದ್ದರೆ ಕನಸಿಗೆ ಬೇಕಾದ ಸಾಮಗ್ರಿ ಸಿಗುತ್ತದೆ. ನಾಣ್ಯವನ್ನು ಬಟ್ಟಲಿಗೆ ಎಸೆಯುವ ಆಟವನ್ನು ಅರಿವಿನ ಕನಸಿನಲ್ಲಿ ಅಭ್ಯಾಸ ಮಾಡಿದವರು ಎಚ್ಚರದಲ್ಲೂ ಸುಧಾರಿಸಿದ್ದನ್ನು ಎರ್ಲಾಕರ್ ಮತ್ತು ಶ್ರೆಡ್ಲ್ 2010ರಲ್ಲಿ ವರದಿ ಮಾಡಿದ್ದಾರೆ. ಗರಡಿಮನೆಯ ಹುಡುಗರು ಒಂದು ಪಟ್ಟನ್ನು ಕನಸಿನಲ್ಲಿ ಹಾಕಿ ನೋಡಲು ಇಷ್ಟು ಆಧಾರ ಸಾಕು.

ಕೆಟ್ಟ ಕನಸು ಬೆನ್ನುಹತ್ತಿದವರಿಗೆ ಈ ವಿದ್ಯೆ ನಿಜವಾದ ಆಸರೆ. ಅಟ್ಟಿಸಿಕೊಂಡು ಬರುವುದರಿಂದ ಓಡುವ ಬದಲು ತಿರುಗಿ ನಿಂತು "ನಿನಗೇನು ಬೇಕು?" ಎಂದು ಕೇಳುವುದನ್ನು ಹಗಲಲ್ಲೇ ಮನಸ್ಸಿನಲ್ಲಿ ಆಡಿ ನೋಡಿ. ಆದರೆ ಅಪಘಾತ, ಹೊಡೆತ, ಸಾವು ಕಂಡ ಮೇಲೆ ಶುರುವಾದ ದುಃಸ್ವಪ್ನಗಳನ್ನು ಒಬ್ಬರೇ ಎದುರಿಸಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡದೆ ಮಾತಾಡಬಹುದು.

ಎದೆಯ ಮೇಲೆ ಕೂತ ಭಾರ

ನಸುಕಿನಲ್ಲಿ ನಿದ್ದೆ ಮುರಿದು ಮಲಗುವವರಿಗೆ ಒಮ್ಮೊಮ್ಮೆ ಕಣ್ಣು ತೆರೆದಿರುತ್ತದೆ, ಕೈಕಾಲು ಅಲುಗುವುದಿಲ್ಲ, ಕೋಣೆಯಲ್ಲಿ ಯಾರೋ ಇದ್ದಂತೆ, ಎದೆ ಒತ್ತಿದಂತೆ ಆಗುತ್ತದೆ. "ಎದಿ ಮ್ಯಾಲ ದೆವ್ವ ಕುಂತಂಗ ಆತು" ಎನ್ನುವುದು ಇದನ್ನೇ. ರೆಮ್ ಹಂತದಲ್ಲಿ ಸ್ನಾಯುಗಳಿಗೆ ಹಾಕಿದ ಕಟ್ಟು ಬಿಚ್ಚುವ ಮೊದಲೇ ಮನಸ್ಸು ಎಚ್ಚೆತ್ತಿದೆ, ಕನಸಿನ ಒಂದು ತುಣುಕು ಇನ್ನೂ ಕಣ್ಣ ಮುಂದಿದೆ, ಅಷ್ಟೇ. ಎದೆಯ ಸ್ನಾಯುಗಳೂ ಸಡಿಲ ಇರುವುದರಿಂದ ದೊಡ್ಡ ಉಸಿರು ಎಳೆಯಲು ಆಗುವುದಿಲ್ಲ, ಅದೇ ಭಾರದಂತೆ ತೋರುತ್ತದೆ. ವಪೆ ಎಂಬ ಸ್ನಾಯು ಕೆಲಸ ಮಾಡುತ್ತಲೇ ಇರುತ್ತದೆ, ಉಸಿರು ನಿಲ್ಲುವುದಿಲ್ಲ. ಏಳಲು ಒದ್ದಾಡಬೇಡಿ, ಒದ್ದಾಡಿದಷ್ಟೂ ಭಯ ಹೆಚ್ಚುತ್ತದೆ. ಉಸಿರು ಬಿಡುವುದರ ಕಡೆ ಗಮನ ಇಟ್ಟು, ಕಾಲಿನ ಹೆಬ್ಬೆರಳನ್ನು ಮಾತ್ರ ಅಲ್ಲಾಡಿಸಲು ನೋಡಿ. ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಅಂಗಾತ ಮಲಗುವವರಿಗೆ, ನಿದ್ದೆಗೆಟ್ಟವರಿಗೆ ಇದು ಹೆಚ್ಚು. ಮಗ್ಗುಲಾಗಿ ಮಲಗಿ, ಆ ವಾರ ನಸುಕಿನ ಅಭ್ಯಾಸ ನಿಲ್ಲಿಸಿ. ಹಗಲಿನಲ್ಲೂ ತಡೆಯಲಾಗದ ನಿದ್ದೆ ಬರುವುದು, ನಕ್ಕಾಗ ಮೊಣಕಾಲು ಕುಸಿಯುವುದು ಜೊತೆಗಿದ್ದರೆ ನರರೋಗ ತಜ್ಞರಿಗೆ ತೋರಿಸಿ.

ಆನ್‌ಲೈನಿನಲ್ಲಿ ಇದಕ್ಕೆಂದೇ ಮಾತ್ರೆ ಮಾರುವವರಿದ್ದಾರೆ. ಅದರಲ್ಲಿ ಹೆಚ್ಚಾಗಿ ಹೇಳುವ ಹೆಸರು ಗ್ಯಾಲಂಟಮೀನ್, ಮರೆವಿನ ಕಾಯಿಲೆಗೆ ಕೊಡುವ ಔಷಧಿ. 2018ರ ಒಂದು ಅಧ್ಯಯನದಲ್ಲಿ ಅದು ಅರಿವಿನ ಕನಸನ್ನು ಹೆಚ್ಚಿಸಿದ್ದು ನಿಜ. ಆದರೆ ಅದು ಎದೆಬಡಿತ ನಿಧಾನ ಮಾಡಬಲ್ಲದು, ದಮ್ಮು ಇದ್ದವರಿಗೆ ತೊಂದರೆ ಕೊಡಬಲ್ಲದು. ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬೇಡಿ. ಖಿನ್ನತೆಯ ಔಷಧಿಗಳಲ್ಲಿ ಹಲವು ರೆಮ್ ನಿದ್ದೆಯನ್ನು ಕಡಿಮೆ ಮಾಡುತ್ತವೆ, ಆದರೆ ಕನಸಿಗೋಸ್ಕರ ಅವನ್ನು ನಿಲ್ಲಿಸುವುದು ದೊಡ್ಡ ಅಪಾಯ.

ಎಷ್ಟು ದಿನ ಬೇಕು? ವಹಿಗೆ ಎರಡು ವಾರ, ಹಗಲಿನ ಪ್ರಶ್ನೆ ಗಟ್ಟಿಯಾಗಲು ಇನ್ನೆರಡು ವಾರ, ಆಮೇಲೆ ವಾರಕ್ಕೆ ಒಂದೆರಡು ನಸುಕು. ಎರಡು-ಮೂರು ತಿಂಗಳು ಹೀಗೆ ನಡೆಸುವ ತಯಾರಿ ಇಟ್ಟುಕೊಳ್ಳಿ. ಒಂದು ಸಲ ಬಿದ್ದ ಮೇಲೆ ತಿಂಗಳುಗಟ್ಟಲೆ ಬರಡು ಹೋಗುವುದೂ ಇದೆ. ಆಗ ತಂತ್ರ ಬದಲಿಸಬೇಡಿ, ವಹಿ ತೆರೆದು ನೋಡಿ. ಹತ್ತರಲ್ಲಿ ಒಂಬತ್ತು ಸಲ ಬರೆಯುವುದು ನಿಂತಿರುತ್ತದೆ ಅಥವಾ ನಿದ್ದೆ ಆರು ತಾಸಿಗೆ ಇಳಿದಿರುತ್ತದೆ. ಮತ್ತು ಮೊದಲ ಅರಿವಿನ ಕನಸು ಬಿದ್ದ ದಿನ, ಅದು ಹತ್ತೇ ಸೆಕೆಂಡು ಇದ್ದರೂ, ಎಚ್ಚರಾದ ಗಂಟೆ-ನಿಮಿಷವನ್ನು, ಯಾವ ಗುರುತಿನಿಂದ ಗೊತ್ತಾಯಿತು ಎಂಬುದನ್ನು, ಯಾವ ಮಗ್ಗುಲಲ್ಲಿ ಮಲಗಿದ್ದಿರಿ ಎಂಬುದನ್ನು ವಹಿಯಲ್ಲಿ ಬರೆದಿಡಿ. ಮುಂದಿನ ವಾರ ಅದೇ ಗುರುತನ್ನು ಸಂಕಲ್ಪಕ್ಕೆ ಇಟ್ಟುಕೊಂಡು, ಆ ಹೊತ್ತಿಗಿಂತ ಒಂದು ತಾಸು ಮೊದಲು ಅಲಾರಾಂ ಇಡಿ.